ಗುಡುಸಾಬ ಚೀಲ ಊದಿದ್ದು

ಬೆಟಗೇರಿಯ ಗುಡುಸಾಬ ಮದುವೆ ಬ್ಯಾಂಡಿನಲ್ಲಿ ಕ್ಲಾರನೆಟ್ ಊದುವವನು. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ, ಎಲ್ಲಿ ಮೆರವಣಿಗೆ ಹೊರಟರೂ ಅವನಿಗೆ ಕರೆ ಬರುತ್ತಿತ್ತು. ಒಂದು ವರ್ಷದ ಮದುವೆ ಹಂಗಾಮಿನಲ್ಲಿ ಹೆಂಡತಿ ಹಾಜಿರಾಬಿ ಒಂದು ಸಂಗತಿ ಗಮನಿಸಿದಳು. ಗಂಡ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ತಿನ್ನುತ್ತಿದ್ದ. ತುತ್ತಿಗೊಮ್ಮೆ ನೀರು ಕುಡಿಯುತ್ತಿದ್ದ. ಮದುವೆಮನೆಗಳಲ್ಲಿ ಬರೀ ಪಾಯಸ ಉಂಡು ಏಳುತ್ತಾನೆಂದು ಬ್ಯಾಂಡಿನ ದಾದಾಪೀರ ಹೇಳಿದ.

"ಯಾಕ್ರಿ, ನುಂಗಾಕ ತ್ರಾಸ ಆಗತೈತೇನು?" ಎಂದು ಹಾಜಿರಾಬಿ ಕೇಳಿದಳು.

"ಏನಿಲ್ಲ, ಹಲ್ಲು ಸಡ್ಲ ಆಗ್ಯಾವು."

"ಹಲ್ಲು ಸಡ್ಲಾದ್ರ ಅಗಿಯಾಕ ತ್ರಾಸ. ನೀವು ಅಗದು ನುಂಗಿದ ಮ್ಯಾಲೆ ಎದಿ ಹಿಡ್ಕೊಂತೀರಿ."

ಗುಡುಸಾಬ ಮಾತು ತೇಲಿಸಿದ. ಹಾಜಿರಾಬಿ ಬಿಡಲಿಲ್ಲ. ಪಕ್ಕದ ಮನೆಯ ಆಶಾ ಕಾರ್ಯಕರ್ತೆ ಅನ್ನಪೂರ್ಣಳನ್ನು ಕರೆತಂದು ಅವನೆದುರು ಕೂರಿಸಿದಳು. ಒಳಗೆ ಗಡ್ಡೆ ಇರಬಹುದು, ತೋರಿಸಿ ಎಂದಳು ಅನ್ನಪೂರ್ಣ.

"ತಂಗಿ, ಗಂಟಲದಾಗ ಗಡ್ಡಿ ಇದ್ದಾಂವ ಬಾರಾತದ ಮೆರವಣಿಗಿ ಮುಂದ ಹಿಂಗ ದಮ್ಮು ಹಿಡದು ಊದತಾನೇನು?" ಗುಡುಸಾಬ ಎದೆಯುಬ್ಬಿಸಿದ.

"ದಮ್ಮು ಹೋಗೂ ದಾರಿ ಬ್ಯಾರೆ, ಅನ್ನ ಇಳಿಯೂ ದಾರಿ ಬ್ಯಾರೆ, ಗುಡುಸಾಬಣ್ಣ. ಅನ್ನನಾಳದಾಗ ಗಡ್ಡಿ ಇದ್ರೂ ಕ್ಲಾರನೆಟ್ ಊದಬಹುದು. ರೊಟ್ಟಿ ಇಳಿಯಂಗಿಲ್ಲ. ಎಂಡೋಸ್ಕೋಪಿ ಮಾಡಸ್ರಿ."

"ಬಾಯಾಗ ಪೈಪ್ ಹಾಕೂದಾ? ನಾ ಒಲ್ಲೆ."

ಅನ್ನಪೂರ್ಣ ಯೋಚಿಸಿ ಇನ್ನೊಂದು ಮಾತು ಹೇಳಿದಳು. ಆಸ್ಪತ್ರೆಗೆ ಸಂಶೋಧನೆ ಮಾಡುವವರು ಬಂದಿದ್ದರು. ಅವರು ಕೊಡುವ ಚೀಲದಲ್ಲಿ ಊದಿದರೆ ಸಾಕು. ಅನ್ನನಾಳದಲ್ಲಿ ಕ್ಯಾನ್ಸರ್ ಇದ್ದರೆ ಉಸಿರಿನಲ್ಲಿರುವ ಕೆಲವು ಅನಿಲಗಳು ಹೆಚ್ಚುಕಡಿಮೆಯಾಗುತ್ತವೆ. ನಮ್ಮ ಮೂಗಿಗೆ ತಿಳಿಯದ ಆ ವ್ಯತ್ಯಾಸ ಯಂತ್ರಕ್ಕೆ ತಿಳಿಯುತ್ತದೆಯೇ ಎಂದು ಅವರು ನೋಡುತ್ತಿದ್ದರು.

"ಊದೂದಾ?" ಗುಡುಸಾಬ ನಕ್ಕ. "ಹಂಗಾದ್ರ ನಾಳೇನ ನಡೀರಿ."

"ಖಾಲಿ ಹೊಟ್ಟಿಲೆ ಬರಬೇಕು. ಬೀಡಿ, ಜರ್ದಾ ಏನೂ ಮುಟ್ಟಬ್ಯಾಡ್ರಿ," ಎಂದಳು ಅನ್ನಪೂರ್ಣ.

ಮರುದಿನ ಆಸ್ಪತ್ರೆಯಲ್ಲಿ ಚೀಲ ಹಿಡಿದು ನಿಂತಿದ್ದವಳು ಆ ಸಂಶೋಧನೆಯ ತಂಡದ ನಿಶಾತ ಎಂಬ ಹುಡುಗಿ. ಗುಡುಸಾಬ ಬಾಯಿ ತೆರೆಯುತ್ತಲೇ ಅವಳು ಕೈ ಹಿಂದೆಗೆದಳು.

"ಚಾಚಾ, ಏನು ಅಗದು ಬಂದೀರಿ?"

"ಲವಂಗ, ಯಾಲಕ್ಕಿ ಅಷ್ಟವ್ವಾ. ದಿನಾ ಜರ್ದಾ ತಿನ್ನೂ ಬಾಯಿ, ನಿಮ್ಮ ಮುಂದ ಹೊಲಸು ನಾರಬಾರದಲ್ಲ!"

"ನಾವು ಹುಡುಕೂದ ನಿಮ್ಮ ಉಸಿರು ಹೆಂಗೈತಿ ಅಂತ. ಈಗ ಊದಿದ್ರ ಮಷೀನಿಗೆ ಲವಂಗದ ರೋಗ ಕಾಣತೈತಿ. ನಾಳೆ ಬರ್ರಿ."

ಹಾಜಿರಾಬಿ ಹಣೆ ಚಚ್ಚಿಕೊಂಡಳು. ಮಾರನೆಯ ಬೆಳಿಗ್ಗೆ ಗಂಡನ ಜೇಬು ತಡವಿ ನೋಡಿಯೇ ಹೊರಡಿಸಿದಳು.

"ಸಾವಕಾಶ ಊದ್ರಿ ಚಾಚಾ, ಇದು ಬಾರಾತ ಅಲ್ಲ," ಎಂದಳು ನಿಶಾತ.

ಊದಿ ಮುಗಿಸಿ ಗುಡುಸಾಬ ಬಾಯಿ ಒರೆಸಿಕೊಂಡ. "ಎಲ್ಲಾ ಬರೋಬರಿ ಐತಿ ಅಂತ ಇಕಿಗೆ ಹೇಳಿಬಿಡವ್ವಾ."

"ಹಂಗ ಹೇಳಾಕ ಬರಂಗಿಲ್ಲ. ಈ ಪರೀಕ್ಷಾ ನಾವಿನ್ನೂ ಕಲಿಯಾಕತ್ತೀವಿ. ಇದನ್ನ ನಂಬಿ ರೋಗ ಐತಿ, ಇಲ್ಲ ಅನ್ನಾಕ ಆಗಂಗಿಲ್ಲ. ನಿಮಗಂತೂ ತುತ್ತು ಸಿಗಬೀಳತೈತಿ. ಹೆಂಗೂ ಖಾಲಿ ಹೊಟ್ಟಿಲೆ ಬಂದೀರಿ, ಡಾಕ್ಟರಿಗೆ ತೋರಿಸಿ ಇವತ್ತ ಎಂಡೋಸ್ಕೋಪಿ ಮಾಡಸ್ರಿ."

ಗುಡುಸಾಬ ಚಪ್ಪಲಿ ಮೆಟ್ಟಿ ಹೊರಟ. ಹಾಜಿರಾಬಿ ಬಾಗಿಲಿಗೆ ಅಡ್ಡ ನಿಂತಳು. ಅವಳಿಗೆ ಅಳು ಬಂದಿರಲಿಲ್ಲ, ಸಿಟ್ಟು ಬಂದಿತ್ತು.

"ರೊಟ್ಟಿ ಬಿಟ್ರಿ, ನುಚ್ಚಿಗೆ ಬಂದ್ರಿ. ನುಚ್ಚು ಬಿಟ್ಟು ಗಂಜಿಗೆ ಬರತೀರಿ. ಗಂಜೀನೂ ಇಳೀದಿದ್ರ ಆವಾಗ ಯಾವ ಹಲ್ಲಿನ ನೆಪ ಹೇಳ್ತೀರಿ? ಪೈಪಿಗೆ ನೀವು ಅಂಜತೀರಿ. ನೀವಿಲ್ದ ಇರೂದಕ್ಕ ನಾ ಅಂಜತೀನಿ."

ಕಾಯುತ್ತ ಕೂತಿದ್ದವರೆಲ್ಲ ಈ ಕಡೆ ನೋಡಿದರು. ಗುಡುಸಾಬ ತಗ್ಗಿದ ದನಿಯಲ್ಲಿ ಕೇಳಿದ, "ಆ ಪೈಪ್ ಎಷ್ಟು ದಪ್ಪ ಇರತೈತವ್ವಾ?"

"ನಿಮ್ಮ ಕಿರುಬೆರಳಷ್ಟ. ಗಂಟಲಕ್ಕ ಜೋಮು ಹಿಡಿಯೂ ಔಷಧ ಹೊಡೀತಾರ," ಎಂದಳು ನಿಶಾತ.

ಒಳಗೆ ಹೋದ ಗುಡುಸಾಬ ಹಾಜಿರಾಬಿ ಹೆದರಿದ್ದಕ್ಕಿಂತ ಬೇಗನೆ ಹೊರಗೆ ಬಂದ. ಅನ್ನನಾಳದಲ್ಲಿ ಗಡ್ಡೆ ಇತ್ತು. ಚೂರು ತೆಗೆದು ಪರೀಕ್ಷಿಸಿದಾಗ ಕ್ಯಾನ್ಸರ್ ಎಂದು ತಿಳಿಯಿತು. ಆದರೆ ಬೇರೆ ಕಡೆ ಹರಡಿರಲಿಲ್ಲ. ಗುಣವಾಗುವ ದಾರಿ ಇದೆ ಎಂದರು ವೈದ್ಯರು.

ಹುಬ್ಬಳ್ಳಿಯಲ್ಲಿ ಚಿಕಿತ್ಸೆ ನಡೆಯಿತು. ಸುಲಭವಿತ್ತು ಎಂದರೆ ಸುಳ್ಳಾಗುತ್ತದೆ. ಕೂದಲು ಉದುರಿತು, ಮೈ ಇಳಿಯಿತು, ಶಸ್ತ್ರಚಿಕಿತ್ಸೆಯೂ ಆಯಿತು, ಒಂದು ಹಂಗಾಮು ಪೂರ್ತಿ ಹೋಯಿತು. ಜರ್ದಾ ಬಿಟ್ಟ ಚಡಪಡಿಕೆಯಲ್ಲಿ ಗುಡುಸಾಬ ಹೆಂಡತಿಯ ಮೇಲೆ ರೇಗಾಡಿದ್ದೂ ಉಂಟು. ಈಗ ಅವನು ಸ್ವಲ್ಪ ಸ್ವಲ್ಪವಾಗಿ, ಆಗಾಗ ಉಣ್ಣುತ್ತಾನೆ. ಮುಖದಲ್ಲಿ ಕಳೆ ಬಂದಿದೆ.

ಮೊನ್ನೆ ದಾದಾಪೀರ ಮನೆಗೆ ಬಂದವನು ಕುದಿಯುವ ಚಹಾ ಬಾಯಿಗಿಟ್ಟ.

"ಸುಡೂದು ಅನ್ನನಾಳಕ್ಕ ಛಲೋ ಅಲ್ಲ, ಆರಿಸಿ ಕುಡಿಯೋ," ಎಂದ ಗುಡುಸಾಬ.

"ಆರಿದ್ದು ಚಹಾ ಏನು ಮಾಮಾ? ನನಗ ಎದ್ಯಾಗ ದಿನಾ ಉರಿ, ಇದು ಕುಡದ್ರ ಜರಾ ಹಗುರ ಅನಸ್ತೈತಿ."

ಗುಡುಸಾಬ ಬಟ್ಟಲು ಕಸಿದುಕೊಂಡ. "ಎದ್ದು ನಡಿ. ಡಾಕ್ಟರಿಗೆ ತೋರಸೂಣು. ನಾನ ಸಂಗಾಟ ಬರತೀನಿ."

ಅಂದು ಆಸ್ಪತ್ರೆಯಿಂದ ಓಡಹೊರಟಿದ್ದ ಗಂಡ ಇಂದು ತಾನೇ ಮೊದಲು ಅಂಗಿ ತೊಟ್ಟದ್ದು ನೋಡಿ ಹಾಜಿರಾಬಿ ಒಳಗೊಳಗೇ ನಕ್ಕಳು.

ಅಕ್ಕ, ಅಣ್ಣ, ಇದನ್ನು ಓದುತ್ತಿರುವ ನಿಮಗೂ ಹೇಳುವುದಿದೆ. ಉಸಿರಿನಿಂದ ಈ ಕ್ಯಾನ್ಸರ್ ಪತ್ತೆ ಮಾಡುವ ಪರೀಕ್ಷೆ ಇನ್ನೂ ಸಂಶೋಧನೆಯಲ್ಲಿದೆ. ಅದು ಬರಲಿ ಎಂದು ಕಾಯಬೇಡಿ. ತುತ್ತು ಸಿಕ್ಕಿಕೊಳ್ಳುವುದು, ಬಿಡದೆ ಕಾಡುವ ಎದೆಯುರಿ, ಕಾರಣವಿಲ್ಲದೆ ತೂಕ ಇಳಿಯುವುದು, ಇವು ಕಂಡರೆ ವೈದ್ಯರ ಬಳಿ ಹೋಗಿ. ಅವರು ಎಂಡೋಸ್ಕೋಪಿ ಬೇಕೆಂದರೆ ಮುಂದೂಡಬೇಡಿ. ತಂಬಾಕು, ಹೆಂಡ ಬಿಡಿ. ಇವತ್ತು ಊಟಕ್ಕೆ ಕೂತಾಗ ಎದುರಿಗಿರುವವರು ಹೇಗೆ ನುಂಗುತ್ತಾರೆ, ಸ್ವಲ್ಪ ನೋಡಿ. ಅವರಾಗಿ ಹೇಳಲಿಕ್ಕಿಲ್ಲ. ನೀವೇ ಕೇಳಿ, ನೀವೇ ಕರೆದುಕೊಂಡು ಹೋಗಿ.