ಕೂಗದೆ ಓಡಿದ ಟೇಪು

ನಮ್ಮ ಸ್ಟುಡಿಯೋದಲ್ಲಿ ಒಂದು ಕಟ್ಟುಪಾಡು ಇತ್ತು. ಟೇಪು ಓಡಿಸುವವರು "ಓಡ್ತಿದೆ!" ಎಂದು ಕೂಗಬೇಕು; ಗಾಜಿನಾಚೆ ಹಾಡುವವರು "ಓಡ್ಲಿ!" ಎನ್ನಬೇಕು. ಆಮೇಲಷ್ಟೇ ಕೆಂಪು ಗುಂಡಿ. ಎಂಥ ದೊಡ್ಡ ಹಾಡುಗಾರ ಬಂದರೂ ಇದು ತಪ್ಪಿರಲಿಲ್ಲ. ತಪ್ಪಿದ್ದು ಮಾಲೀಕರ ಅಳಿಯ ಕಾಲಿಟ್ಟ ಮೇಲೆ.

ಈ ಮಹಾಶಯನಿಗೆ ಎದ್ದು ಬಂದು ಗುಂಡಿ ಒತ್ತುವುದೆಂದರೆ ಮೈಭಾರ. ಹಳೆಯ ಟೇಪ್ ಯಂತ್ರಕ್ಕೆ ತಂತಿ ಸಿಕ್ಕಿಸಿ ಕಂಪ್ಯೂಟರಿಗೆ ಜೋಡಿಸಿದ. ಅಲ್ಲಿ ತಾಳ ಶುರುವಾದರೆ ಇಲ್ಲಿ ಟೇಪೂ ಜೊತೆಯಲ್ಲೇ ಉರುಳುತ್ತಿತ್ತು, ಕೂದಲೆಳೆಯಷ್ಟೂ ಹಿಂದುಮುಂದಾಗದೆ. ಅದು ಒಳ್ಳೆಯದೇ, ನಾನೇಕೆ ಸುಳ್ಳು ಹೇಳಲಿ? ಆದರೆ ಅಷ್ಟಕ್ಕೆ ಸುಮ್ಮನಿರದೆ, ಮನೆಯ ಸೋಫಾದಲ್ಲಿ ಒರಗಿಕೊಂಡು ಫೋನಿನಿಂದಲೇ ಎಲ್ಲವನ್ನೂ ಆಡಿಸುವ ಏರ್ಪಾಟು ಮಾಡಿಕೊಂಡ. "ಇನ್ಮೇಲೆ ಕಿರುಚೋ ಕೆಲಸ ಇಲ್ಲ ಮೇಡಂ" ಎಂದು ಇಷ್ಟು ವರ್ಷ ಟೇಪು ಓಡಿಸಿದ ನನಗೇ ಬುದ್ಧಿ ಹೇಳಿದ.

ಅವತ್ತು ನನ್ನಕ್ಕ ಹಾಡಲು ಬಂದಿದ್ದಳು. ಮಾರನೆಯ ದಿನ ಅವಳ ಗಂಟಲಿನ ಆಪರೇಷನ್. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕೆಂದು ಡಾಕ್ಟರು ಹೇಳಿಯಾಗಿತ್ತು. ತಾನೇ ಕಟ್ಟಿದ ಹಾಡನ್ನು ಮಗಳಿಗಾಗಿ ತನ್ನ ದನಿಯಲ್ಲಿ ಉಳಿಸಬೇಕು ಎಂಬುದೊಂದೇ ಆಸೆ. ನಾನು ಕೂಗಿದೆ. "ಓಡ್ಲಿ" ಎಂದಳು, ಹಾಡಿದಳು. ಕೊನೆಯ ನುಡಿಗೆ ಬರುವಷ್ಟರಲ್ಲಿ ಕುತ್ತಿಗೆಯ ನರಗಳು ಉಬ್ಬಿದ್ದವು. ಆದರೂ ಬಿಡಲಿಲ್ಲ, ಮುಗಿಸಿದಳು. ಅಬ್ಬಾ, ಏನು ಹಾಡಿದಳು!

"ಅಲ್ಲೇ ಕೂತಿರೇ, ಬಿಸಿನೀರು ತರ್ತೀನಿ. ಬಂದು ಕಂಪ್ಯೂಟರಿಗೆ ಇಳಿಸ್ಕೊಳ್ತೀನಿ" ಎಂದು ಒಳಗೆ ಹೋದೆ. ಲೋಟ ಹಿಡಿದು ಬರುತ್ತೇನೆ, ಯಾರೂ ಮುಟ್ಟದ ಯಂತ್ರ ತಿರುಗುತ್ತಿದೆ, ಕೆಂಪು ದೀಪ ಉರಿಯುತ್ತಿದೆ! ಓಡಿ ನಿಲ್ಲಿಸಿದೆ. ಟೇಪು ಹಿಂದಕ್ಕೆ ಸುತ್ತಿಕೊಂಡು ಹಾಡಿನ ಮೇಲೇ ರೆಕಾರ್ಡ್ ಮಾಡಿತ್ತು. ಕೊನೆಯ ನುಡಿ ಪೂರ್ತಿ ಅಳಿಸಿಹೋಗಿತ್ತು.

ಅಳಿಯನಿಗೆ ಫೋನ್ ಮಾಡಿದೆ.

"ಓ, ಓಡ್ತಾ? ಸದ್ಯ! ಟೇಪು ಸ್ವಲ್ಪ ಹಿಂದಕ್ಕೆ ಸುತ್ತಿ, ರೆಕಾರ್ಡ್ ಗುಂಡಿ ಮನೆಯಿಂದ್ಲೂ ಕೆಲಸ ಮಾಡತ್ತಾ ಅಂತ ನೋಡ್ತಿದ್ದೆ."

"ಒಳಗೆ ಯಾರಿದಾರೆ, ಏನು ನಡೀತಿದೆ ಅಂತ ಒಂದು ಮಾತು ಕೇಳೋಕಾಗಲಿಲ್ವಾ ನಿಮಗೆ? ನನ್ನಕ್ಕ ಹಾಡಿದ ಕೊನೇ ನುಡಿ ಅಳಿಸಿಹೋಯ್ತು!"

"ಅಷ್ಟಕ್ಕೆಲ್ಲ ಯಾಕೆ ರೇಗ್ತೀರಿ? ಮೊದಲ ನುಡಿಯಿಂದ ದನಿ ಕತ್ತರಿಸಿ ಅಂಟಿಸಿದ್ರಾಯ್ತು."

ಅಂಟಿಸಿದ್ರಾಯ್ತಂತೆ! ನನ್ನಕ್ಕನ ಗಂಟಲೇನು ಕಿತ್ತುಹೋದ ಚಪ್ಪಲಿಯೇ? ಮೈಯೆಲ್ಲ ಉರಿದುಹೋಯಿತು. ಬಾಯಿಗೆ ಬಂದಂತೆ ಬೈದೆ.

ಅಕ್ಕ ಮತ್ತೊಮ್ಮೆ ಹಾಡಲು ನೋಡಿದಳು. ಬರೀ ಉಸಿರು ಬಂತು. ಫೋನನ್ನು ಅವಳ ಕೈಗೆ ಕೊಟ್ಟು, "ನೀನೇ ಉಗಿಯೇ ಇವನಿಗೆ" ಎಂದೆ.

"ಉಳಿದಿರೋದೇ ಇಷ್ಟು ದನಿ" ಎಂದು ಪಿಸುಗುಟ್ಟಿದಳು. "ಅದನ್ನ ಇವನ ಮೇಲೆ ಖರ್ಚು ಮಾಡಲ್ಲ ಕಣೇ. ಮನೇಲಿ ಮಗಳು ಕಾಯ್ತಿದಾಳೆ."

ಅವಳು ಹೋದ ಮೇಲೆ ಟೇಪು ಹಾಕಿ ಕೇಳಿದೆ. ನುಡಿ ಅಳಿಸಿದ್ದ ಜಾಗದಲ್ಲಿ ಕುರ್ಚಿ ಕಿರುಗುಟ್ಟಿತು. ಆಮೇಲೆ ಅಕ್ಕನ ದನಿ: "ಓಡ್ತಿದೆಯೇನೇ? ದೀಪ ಹತ್ತಿದೆ... ನೀನು ಕೂಗಲೇ ಇಲ್ವಲ್ಲ. ಹಾಡ್ಲಾ?" ಸ್ವಲ್ಪ ಹೊತ್ತು ಬಿಟ್ಟು ಮತ್ತೆ, "ಹಾಡ್ಲಾ?"

ಯಾರೂ ಇಲ್ಲದ ಕೋಣೆಯನ್ನು ಅವಳು ಕೇಳಿದ್ದಳು. ಗಾಜಿನೀಚೆ ಒಬ್ಬ ಮನುಷ್ಯ ಕೂತು "ಹೂಂ" ಎಂದಿದ್ದರೂ ಸಾಕಿತ್ತು, ಹಾಡಿಯೇಬಿಡುತ್ತಿದ್ದಳು.

ಮರುದಿನ ಬೆಳಿಗ್ಗೆ, ನಾನು ಆಸ್ಪತ್ರೆಗೆ ಹೊರಡುವ ಮೊದಲು, ಅಳಿಯ ಬಂದು ಟೇಪು ಕೇಳಿ, "ಅದು ಬರೀ ಮಾತು, ತೆಗೆದುಬಿಡ್ತೀನಿ" ಎಂದ. ತಂತಿಯನ್ನು ಯಂತ್ರದಿಂದ ಕಿತ್ತು ಅವನ ಕೈಗೇ ಕೊಟ್ಟೆ. "ಇದನ್ನ ನಿಮ್ಮ ಸೋಫಾಗೆ ಕಟ್ಕೊಳ್ಳಿ. ಈ ಟೇಪಿಗೆ ಕೈ ಹಚ್ಚಿದ್ರೆ ಸರಿಯಿರಲ್ಲ." ಆ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯುವುದೂ ಬೇಡ.

ಅಕ್ಕ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ, ಮಗಳನ್ನು ಪಕ್ಕದಲ್ಲಿ ಕೂರಿಸಿ ಹಾಡನ್ನು ಹಾಗೇ ಕೇಳಿಸಿದೆ. "ಹಾಡ್ಲಾ?" ಬಂತು. ಅಕ್ಕ ನನ್ನತ್ತ ನೋಡಿದಳು.

"ಓಡ್ತಿದೆ ಅಕ್ಕ, ಹಾಡು" ಎಂದೆ.

ಅಕ್ಕನ ತುಟಿಗಳು ಅಲುಗಿದವು. ಸದ್ದೇ ಇಲ್ಲದೆ, ಮಗಳ ಮುಖ ನೋಡುತ್ತ, ಕೊನೆಯ ನುಡಿಯನ್ನು ಪೂರ್ತಿ ಹಾಡಿದಳು.