ಬಾಳೆ ತುಳಿಯುವವನ ಅಂಗಾಲು

ನನ್ನ ತಮ್ಮ ಕಿವುಂಬಿಯ ಅಂಗಾಲಿನ ಕಪ್ಪನ್ನು ಮೊದಲು ಕಂಡವಳು ನಾನೇ. ಕಂಡು ನಕ್ಕವಳೂ ನಾನೇ. ಆ ನಗು ನೆನಪಾದರೆ ಈಗಲೂ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನಿಸುತ್ತದೆ.

ಮಸಾಕಾ ಕಡೆಯ ನಮ್ಮ ಊರಲ್ಲಿ ಬಾಳೆಹಣ್ಣಿನ ಹೆಂಡ ಕಾಲಿನಿಂದಲೇ ಆಗಬೇಕು. ಸುಲಿದ ಹಣ್ಣನ್ನು ದೋಣಿಯಂಥ ಮರದ ತೊಟ್ಟಿಗೆ ಸುರಿದು, ಹುಲ್ಲು ಬೆರೆಸಿ, ರಸ ಬಿಡುವವರೆಗೆ ಒಬ್ಬ ಗಂಡಸು ತುಳಿಯುತ್ತಾನೆ. ಸುತ್ತಲಿನ ನಾಲ್ಕೂರಿನಲ್ಲಿ ಕಿವುಂಬಿಯ ಹಾಗೆ ತುಳಿಯುವವನು ಇರಲಿಲ್ಲ. ಹೆಂಡ ಮಾರುವ ನಾನು, ನಾಬಕೂಜ, ಅವನ ಹೆಸರು ಹೇಳಿಯೇ ಗಿರಾಕಿ ಹಿಡಿಯುತ್ತಿದ್ದೆ. ಬಾಳೆಯ ಸೊನೆ ತಾಗಿದಲ್ಲೆಲ್ಲ ಕಪ್ಪಾಗುತ್ತದೆ, ತುಳಿಯುವವರ ಅಂಗಾಲಿನಲ್ಲಿ ಕಲೆ ಇಲ್ಲದ ದಿನವೇ ಇಲ್ಲ. ಅದಕ್ಕೇ ಅವನ ಎಡ ಹಿಮ್ಮಡಿಯ ಹತ್ತಿರ ಕಾಸಿನಗಲದ ಕಲೆ ಕಂಡಾಗ ನಾನು ಬೂದಿ, ನಿಂಬೆಹೋಳು ತಂದುಕೊಟ್ಟೆ.

“ಉಜ್ಜೋ ಸೋಮಾರಿ. ಹೆಂಡ ಕುಡಿಯೋರು ಈ ಕಾಲು ನೋಡಿದ್ರೆ ವಾಂತಿ ಮಾಡ್ಕೋತಾರೆ.”

“ಕುಡಿಯೋರು ಕಾಲು ಎಲ್ಲಿ ನೋಡ್ತಾರಕ್ಕ, ಲೋಟ ನೋಡ್ತಾರೆ,” ಅಂದ.

ಎರಡು ವರ್ಷ ಉಜ್ಜಿದೆವು. ಅವನ ಕೈ ಸೋತಾಗ ಕಾಲನ್ನು ನನ್ನ ಮಡಿಲಲ್ಲಿಟ್ಟುಕೊಂಡು ನಾನೇ ಉಜ್ಜಿದೆ. ಉಳಿದ ಕಲೆಯೆಲ್ಲ ಹೋಗಿ ಬಂದು ಮಾಡುತ್ತಿತ್ತು, ಇದೊಂದು ಹೋಗಲಿಲ್ಲ. ಅಂಚು ಹರಿದುಕೊಂಡು ಅಗಲವಾಯಿತು, ನಡುವೆ ಉಬ್ಬಿತು. ಒಂದು ದಿನ ತುಳಿಯುತ್ತಿದ್ದಾಗ ಅದು ಒಡೆದು ರಸಕ್ಕೆ ರಕ್ತ ಬೆರೆಯಿತು. ಕಿವುಂಬಿ ಕೆಳಗಿಳಿದು ತೊಟ್ಟಿಯನ್ನು ಹಂದಿಗಳಿಗೆ ಮಗುಚಿದ. ಆಮೇಲೆ ಅವನು ತುಳಿಯಲೇ ಇಲ್ಲ.

ನಮ್ಮ ಪೇಟೆಯಲ್ಲಿ ಕ್ಲಿನಿಕ್ಕುಗಳಿಗೆ ಬರವಿಲ್ಲ. ಹಸಿರು ಬಾಗಿಲು, ಒಂದು ಬೆಂಚು, ಒಳಗೊಬ್ಬ ‘ಮುಸಾವೊ’. ಸೂಜಿ ಹಿಡಿದವರೆಲ್ಲ ನಮಗೆ ಮುಸಾವೊ, ಅಂದರೆ ಡಾಕ್ಟರು. ಮೊದಲನೆಯವನು ಮುಳ್ಳು ಒಳಗೆ ಮುರಿದಿದೆ ಅಂತ ಕೊರೆದ. ಮುಳ್ಳು ಸಿಗಲಿಲ್ಲ, ಫೀಸು ಮಾತ್ರ ಸಿಕ್ಕಿತು ಅವನಿಗೆ. ಎರಡನೆಯವಳು ಸಕ್ಕರೆ ಕಾಯಿಲೆ ಅಂದಳು, ಸಕ್ಕರೆ ಪರೀಕ್ಷೆ ಮಾಡದೆಯೇ. ಮೂರನೆಯವನು ಹತ್ತು ದಿನ ಸೂಜಿ ಚುಚ್ಚಿದ. ದುಡ್ಡು ಮೇಜಿನ ಮೇಲಿಡದೆ ಯಾರೂ ಪಟ್ಟಿ ಬಿಚ್ಚುತ್ತಿರಲಿಲ್ಲ. ಕೋಳಿ ಹೋಯಿತು, ಹಂದಿ ಹೋಯಿತು, ಅವನ ಸೈಕಲ್ಲೂ ಹೋಯಿತು. ಕ್ಯಾನ್ಸರ್ ಅನ್ನುವ ಮಾತು ಒಬ್ಬರ ಬಾಯಲ್ಲೂ ಬರಲಿಲ್ಲ. ಚರ್ಮಕ್ಕೆ ಕ್ಯಾನ್ಸರ್ ಆಗುವುದು ಬಿಳಿಯರಿಗೆ, ಇಲ್ಲವೇ ಹುಟ್ಟಿನಿಂದಲೇ ಮೈ ಬಿಳಿಚಿಕೊಂಡವರಿಗೆ ಅಂತ ನಾವು ಅಂದುಕೊಂಡಿದ್ದೆವು. ಮುಸಾವೊಗಳೂ ಹಾಗೇ ಅಂದುಕೊಂಡಿದ್ದರು ಅಂತ ಕಾಣುತ್ತದೆ.

ಎಂಟು ತಿಂಗಳಾದ ಮೇಲೆ ಸರ್ಕಾರಿ ಆಸ್ಪತ್ರೆಯ ಲೇಡಿ ಡಾಕ್ಟರು ಆ ಕಾಲನ್ನು ಬೆಳಕಿಗೆ ತಿರುಗಿಸಿ ಬಹಳ ಹೊತ್ತು ನೋಡಿದರು.

“ಇದು ಚರ್ಮದ ಕ್ಯಾನ್ಸರ್ ಥರ ಇದೆ. ನಮ್ಮಂಥೋರಿಗೆ ಅಂಗಾಲಲ್ಲೇ ಬರೋದು ಜಾಸ್ತಿ. ಕಂಪಾಲಾಕ್ಕೆ ಹೋಗಿ, ತಡ ಮಾಡ್ಬೇಡಿ. ಕಾಲು ಹೋದ್ರೂ ಜೀವ ಉಳೀಬಹುದು.”

ಅಲ್ಲಿ ಹಾಸಿಗೆ ಪುಕ್ಕಟೆಯಂತೆ. ಆದರೆ ಪರೀಕ್ಷೆ, ಸ್ಕ್ಯಾನು, ಬಸ್ಸು, ಊಟ, ಅಂಗಡಿಯಿಂದ ತರಬೇಕಾದ ಔಷಧಿ ಎಲ್ಲ ಸೇರಿ ಹನ್ನೆರಡು ಲಕ್ಷ ಶಿಲ್ಲಿಂಗಾದರೂ ಬೇಕು. ನಾನು ಮನೆಮನೆಗೆ ಹೋದೆ. ಎಲ್ಲರೂ ಕೂರಿಸಿದರು, ಚಹಾ ಕೊಟ್ಟರು, ಪ್ರಾರ್ಥನೆ ಮಾಡುತ್ತೇವೆ ಅಂದರು. ಪ್ರಾರ್ಥನೆಗೆ ಖರ್ಚಿಲ್ಲವಲ್ಲ.

ಆ ವಾರವೇ ಊರಿನ ಮುದುಕನೊಬ್ಬ ತೀರಿಕೊಂಡ. ನಮ್ಮಲ್ಲಿ ಹೆಣ ಸುತ್ತುವ, ಮರದ ತೊಗಟೆ ಬಡಿದು ಮಾಡುವ ಬಟ್ಟೆಗೆಂದು ಪ್ರತಿಯೊಬ್ಬರೂ ದುಡ್ಡು ಕೊಡುತ್ತಾರೆ, ಅದಕ್ಕೆ ಮಾಬೂಗೊ ಅನ್ನುತ್ತೇವೆ. ನನ್ನ ಮುಂದೆ ದುಡ್ಡಿಲ್ಲ ಅಂತ ಕೈಯಾಡಿಸಿದವರೇ ಅಲ್ಲಿ ಸಾಲುಗಟ್ಟಿ ಬುಟ್ಟಿಗೆ ನೋಟು ಹಾಕುತ್ತಿದ್ದರು. ನನ್ನ ತಲೆ ಕೆಟ್ಟಿತು.

“ನನ್ನ ತಮ್ಮನ ಮಾಬೂಗೊನೂ ಈಗ್ಲೇ ಕೊಟ್ಬಿಡಿ!” ಅಂತ ಕಿರುಚಿದೆ. “ಹೇಗೂ ಕೊಡೋದೇ ತಾನೆ? ಅವನು ಉಸಿರಾಡ್ತಿರೋವಾಗ ಕೊಡಿ. ಸತ್ತ ದಿನ ನಿಮ್ಮ ಹತ್ರ ಒಂದು ಕಾಸು ಕೇಳಲ್ಲ!”

ಕಿವುಂಬಿ ವರ್ಷಗಟ್ಟಲೆ ತುಳಿದದ್ದು ಲ್ವನ್ಯಾಗ ಎಂಬ ಹಿರಿಯನ ತೋಟದ ಹಣ್ಣು. ಆತ ಎದ್ದು ನಿಂತ. “ಬಾಯಿ ಮುಚ್ಚೇ ನಾಬಕೂಜ! ಬದುಕಿರೋನಿಗೆ ಹೆಣದ ಬಟ್ಟೆನಾ? ಸಾವನ್ನ ಕೂಗಿ ಕರೀತಿದ್ದೀಯಲ್ಲ!”

“ಅದು ಬಂದು ಅವನ ಕಾಲಲ್ಲಿ ಕೂತು ಎಷ್ಟೋ ದಿನ ಆಯ್ತು ತಾತ. ಇನ್ನು ಕೂಗೋದೇನು ಬಂತು?”

ಹಿಂದೆ ಕೋಲೂರಿ ನಿಂತಿದ್ದ ಕಿವುಂಬಿ ನಕ್ಕ.

“ಕೊಡ್ರಪ್ಪ ಕೊಡಿ. ಯಾರ‍್ಯಾರು ಎಷ್ಟೆಷ್ಟು ಕೊಟ್ರು ಅಂತ ಕಣ್ಣಾರೆ ನೋಡೋ ಪುಣ್ಯ ಯಾವ ಹೆಣಕ್ಕುಂಟು?”

ಮೊದಲು ಲ್ವನ್ಯಾಗನೇ ಕೊಟ್ಟ, ಮುಖ ಆ ಕಡೆ ತಿರುಗಿಸಿಕೊಂಡು. ಮೂರು ದಿನದಲ್ಲಿ ನನ್ನ ಬಿಸ್ಕತ್ತಿನ ಡಬ್ಬಿ ತುಂಬಿತು. ಹೆಂಡದ ದುಡ್ಡಿನಲ್ಲಿ ಐವತ್ತು ಸಾವಿರ ನಾನೂ ಹಾಕಿದೆ. ನಾನು ಗೆದ್ದೆ ಅಂದುಕೊಂಡೆ.

ಕಂಪಾಲಾದಲ್ಲಿ ಎರಡು ವಾರ ಇದ್ದೆವು. ಅಲ್ಲಿನ ಡಾಕ್ಟರು ಚಿಕ್ಕ ವಯಸ್ಸಿನವನು. ತೊಡೆಸಂದಿನ ಗಂಟು ಮುಟ್ಟಿ ನೋಡಿದ, ಶ್ವಾಸಕೋಶದ ಚಿತ್ರ ನೋಡಿದ. ಆಮೇಲೆ ಕುರ್ಚಿಯನ್ನು ನಮ್ಮ ಪಕ್ಕಕ್ಕೆ ಎಳೆದುಕೊಂಡು ಕೂತ. ಡಾಕ್ಟರು ಹಾಗೆ ಪಕ್ಕ ಬಂದು ಕೂರುವುದು ಯಾವುದಕ್ಕೆ ಅಂತ ನನಗೆ ಹೊಳೆಯಿತು.

“ಒಳಗೆಲ್ಲಾ ಹರಡಿದೆ. ಈಗ ಕಾಲು ತೆಗೆದ್ರೆ ನೋವು ಕೊಟ್ಟ ಹಾಗೆ ಅಷ್ಟೆ,” ಅಂದ. “ಹೊಸ ಔಷಧಿ ಇದೆ. ಆದ್ರೆ ಅದಕ್ಕೆ ನಿಮ್ಮ ಇಡೀ ಊರು ಮಾರಿದ್ರೂ ಸಾಲಲ್ಲ.”

“ನಾನು ಬೂದಿ ಹಾಕಿ ಉಜ್ಜಿದ್ದಕ್ಕೆ ಹೀಗಾಯ್ತಾ ಡಾಕ್ಟ್ರೇ?”

“ಅಲ್ಲಮ್ಮ, ಉಜ್ಜಿದ್ರಿಂದ ಬರಲ್ಲ.”

ಉಜ್ಜುವ ಬದಲು ಆ ಎರಡು ವರ್ಷದಲ್ಲಿ ಯಾವತ್ತಾದರೂ ಕರೆತಂದಿದ್ದರೆ ಅಂತ ನಾನು ಕೇಳಲಿಲ್ಲ. ಅವನೂ ಹೇಳಲಿಲ್ಲ.

ನೋವಿಗೆ ಅಂತ ಬಾಟಲಿಯಲ್ಲಿ ಹಸಿರು ನೀರಿನಂಥ ಮದ್ದು ಕೊಟ್ಟರು. ದುಡ್ಡು ತೆಗೆಯಲು ಹೋದರೆ ನರ್ಸು ಬೇಡ ಅಂದಳು, ಇದು ಎಲ್ಲರಿಗೂ ಪುಕ್ಕಟೆ. ಎಷ್ಟೋ ತಿಂಗಳ ಮೇಲೆ ನನ್ನ ತಮ್ಮ ಊರಿಗೆ ಮರಳುವ ಬಸ್ಸಿನಲ್ಲಿ ನೆಮ್ಮದಿಯಾಗಿ ನಿದ್ದೆ ಮಾಡಿದ. ಅರ್ಧಕ್ಕಿಂತ ಹೆಚ್ಚು ದುಡ್ಡು ಇನ್ನೂ ಇದ್ದ ಡಬ್ಬಿಯನ್ನು ಅಪ್ಪಿಕೊಂಡು ನಾನು ದಾರಿಯುದ್ದಕ್ಕೂ ಅತ್ತೆ. ದುಡ್ಡಿತ್ತು. ಕೊಳ್ಳಲು ಏನೂ ಉಳಿದಿರಲಿಲ್ಲ.

ಊರು ಸೇರಿದ ಮೂರನೇ ದಿನ ಕಿವುಂಬಿ ಹಟ ಹಿಡಿದ.

“ಉಳಿದಿದ್ದನ್ನ ವಾಪಸ್ ಕೊಡೋಣ ಅಕ್ಕ. ಬದುಕಿರೋನ ಮನೇಲಿ ಮಾಬೂಗೊ ಇರಬಾರದು.”

ಕಂಕುಳಿಗೆ ಕೋಲು ಕೊಟ್ಟುಕೊಂಡು ಹೊರಟ, ಡಬ್ಬಿ ಹಿಡಿದು ನಾನು ಹಿಂದೆ. ಲ್ವನ್ಯಾಗ ಅಂಗಳದಲ್ಲೇ ಇದ್ದ. ಕಿವುಂಬಿ ನೋಟು ಚಾಚಿದ ಕೂಡಲೇ ಮುದುಕ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

“ಇಟ್ಕೋ ಮಗನೆ. ಅದನ್ನ ವಾಪಸ್ ತಗೊಳ್ಳೋ ಪದ್ಧತಿ ಇಲ್ಲ.”

ಪಕ್ಕದ ಮನೆಯ ಹೆಂಗಸು ಸೆರಗಿನಲ್ಲಿ ಕೈ ಮುಚ್ಚಿಕೊಂಡು ಅತ್ತಳು. ಮೂರನೆಯ ಮನೆಯವರು ನಾವು ಬರುವುದನ್ನು ಕಂಡೇ ಬಾಗಿಲು ಹಾಕಿಕೊಂಡರು. ನಾಲ್ಕನೆಯ ಮನೆಯ ಬೇಲಿಯ ಹತ್ತಿರ ಕಿವುಂಬಿ ನಿಂತ, ಒಳಗೆ ಹೋಗಲಿಲ್ಲ. ಊರು ತನ್ನನ್ನು ಆಗಲೇ ಸತ್ತವರ ಲೆಕ್ಕಕ್ಕೆ ಸೇರಿಸಿದೆ ಅಂತ ಅವನಿಗೆ ಗೊತ್ತಾಯಿತು. ಕೋಲು ತಿರುಗಿಸಿ ಮನೆಯ ದಾರಿ ಹಿಡಿದ.

ಚಾಪೆಯ ಮೇಲೆ ಕೂತು ಅವನು ಡಬ್ಬಿಯಿಂದ ಐವತ್ತು ಸಾವಿರ ಬೇರೆ ತೆಗೆದ, ನಾನು ಹಾಕಿದ್ದನ್ನು.

“ನೀನಾದ್ರೂ ತಗೋ ಅಕ್ಕ.”

ಆ ಧ್ವನಿಯನ್ನು ಅವನು ಚಿಕ್ಕವನಿದ್ದಾಗ ಕೇಳಿದ್ದೆ, ಮತ್ತೆ ಕೇಳಿರಲಿಲ್ಲ. ತೆಗೆದುಕೊಂಡರೆ ಆಗುತ್ತಿತ್ತು. ಹುಸಿಯಾದರೂ ಸರಿ, ನೀನು ಇನ್ನೂ ಬಹಳ ದಿನ ಇರುತ್ತೀಯ ಕಣೋ ಅಂತ ಹೇಳಿದ ಹಾಗಾಗುತ್ತಿತ್ತು. ನೀರು ಬೆರೆಸಿದ ಹೆಂಡವನ್ನು ಶುದ್ಧ ಅಂತ ಆಣೆ ಇಟ್ಟು ಮಾರಿದವಳು ನಾನು, ಸುಳ್ಳು ನನಗೆ ಹೊಸದಲ್ಲ. ಆದರೆ ನೋಡುತ್ತೇನೆ, ನನ್ನ ಎರಡೂ ಕೈ ಆಗಲೇ ಬೆನ್ನ ಹಿಂದೆ ಹೋಗಿದ್ದವು.

ಕಿವುಂಬಿ ನೋಟುಗಳನ್ನು ಮಡಚಿ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದ.

“ಸರಿ ಬಿಡು,” ಅಂದ. “ಬಟ್ಟೆ ಮಾತ್ರ ಒಳ್ಳೇದು ತಗೊಂಬಾ.”