ಟೋಪಿ ತಗುಲಿಸುವ ಗಿಡ

ಈ ಕಥೆಯನ್ನು ಮೊದಲು ಹೇಳಿದವಳು ಡಲ್ಸಿ ಪ್ರಿಡೋ. ೧೯೮೬ರ ಸೆಪ್ಟೆಂಬರಿನ ಒಂದು ಸಂಜೆ, ಸದರ್ನ್ ಕ್ರಾಸ್ ಎಂಬ ಗಣಿಯೂರಿನ ಸಭಾಭವನದಲ್ಲಿ, ಚಹಾದ ಬಟ್ಟಲುಗಳನ್ನು ಒರೆಸುತ್ತಲೇ ಹೇಳಿದಳು. ಆಮೇಲೆ ನಾನು ಬೇರೆಯವರಿಂದ ಕೇಳಿದ ರೂಪಗಳಲ್ಲಿ ಗಿಡ ಮರವಾಗಿ ಬೆಳೆದಿದೆ. ಡಲ್ಸಿಯ ಪ್ರಕಾರ ಅದು ಎದೆಯೆತ್ತರದ್ದು. ನಾನು ಅದನ್ನೇ ಉಳಿಸಿಕೊಂಡಿದ್ದೇನೆ.

ಊರಿನ ಉತ್ತರಕ್ಕಿರುವ ಕಬ್ಬಿಣದ ಕಲ್ಲಿನ ಗುಡ್ಡವನ್ನು ಅಗೆಯಬೇಕೆಂದು ಗಣಿಯವರು ಹೊರಟಿದ್ದರು. ಅಗೆಯುವ ಮುನ್ನ ಅಲ್ಲಿನ ಗಿಡಗಳನ್ನೆಲ್ಲ ನೋಡಿ ಬರೆಯಲು ನೋರೀನ್ ಟಕೆಟ್ ಎಂಬ ಸಸ್ಯತಜ್ಞೆ ಬಂದಳು. ಅವಳ ಗುರು ಹಿಂದೆ ಅದೇ ಗುಡ್ಡದಿಂದ ಕೆಂಪು ಹೂವಿನ ಒಂದು ರೆಂಬೆ ತಂದಿದ್ದ. ಆ ಜಾತಿ ಮತ್ತೆಲ್ಲೂ ಸಿಕ್ಕಿರಲಿಲ್ಲ. ಮುದುಕ ಗುಡ್ಡವನ್ನೇ ತಪ್ಪಾಗಿ ಹೇಳಿದ್ದಾನೆಂದು ಎಲ್ಲರೂ ನಗುತ್ತಿದ್ದರು. ಹುಡುಕಾಟದ ಕೊನೆಯ ದಿನ ಬಂತು, ಅಂದು ಮಧ್ಯಾಹ್ನ ನೋರೀನ್ ವರದಿಗೆ ಸಹಿ ಹಾಕಬೇಕಿತ್ತು. ಗಿಡ ಸಿಕ್ಕರೆ ಗುಡ್ಡದ ನೆತ್ತಿ ಉಳಿಯುತ್ತದೆ, ಗುರುವಿನ ಮಾತೂ ಉಳಿಯುತ್ತದೆ. ಸಿಗದಿದ್ದರೆ ಎರಡೂ ಹೋಗುತ್ತವೆ.

ಗುಡ್ಡದ ನೆತ್ತಿಯ ಮೇಲೇ ಗಣಿಯವರು ಹಾಕಿದ್ದ ಶಿಬಿರಕ್ಕೆ ಡಲ್ಸಿ ಅಡುಗೆಯವಳು. ಅಂದು ಬೆಳಗಿನ ತಿಂಡಿಗೆ ನೋರೀನ್ ಬಾಗಿದಾಗ ಅವಳ ಟೋಪಿಯಿಂದ ಏನೋ ಜಾರಿ ಓಟ್ಸ್ ಗಂಜಿಗೆ ಬಿತ್ತು. ಚಮಚದಲ್ಲಿ ಎತ್ತಿ ನೋಡಿದಳು. ಕೆಂಪು ಹೂವು.

"ಡಲ್ಸೀ, ಇದು ಎಲ್ಲಿಂದ ಬಂತು?"

"ನಿನ್ನ ತಲೆಯಿಂದ ಕಣೇ. ನನ್ನ ಗಂಜಿ ಮೇಲೆ ಗೂಬೆ ಕೂರಿಸಬೇಡ."

"ಅಲ್ವೇ, ನಾನಿನ್ನೂ ಹುಡುಕೋಕೇ ಹೋಗಿಲ್ಲ ಇವತ್ತು."

"ಎದ್ದ ಮೇಲೆ ಎಲ್ಲಿಗೆ ಹೋಗಿದ್ದೆ ಹೇಳು."

"ಎಲ್ರೂ ಹೋಗೋ ಕಡೆಗೇ."

ಇಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡಿದರು. ಆ ಶಿಬಿರದಲ್ಲಿ ಪಾಯಿಖಾನೆಯೆಂದರೆ ಗೋಣಿಪರದೆಯ ಹಿಂದಿನ ಒಂದು ಗುಂಡಿ. ಬಾಗಿಲಿಲ್ಲದ ಕಾರಣ, ಒಳಗಿದ್ದವರು ದಾರಿಯ ತಿರುವಿನ ಗಿಡಕ್ಕೆ ಟೋಪಿ ತಗುಲಿಸುವುದು ರೂಢಿ. ಟೋಪಿ ಕಂಡವರು ಮರ್ಯಾದೆಯಿಂದ ಮುಖ ತಿರುಗಿಸಿ ಹಿಂದಿರುಗುತ್ತಿದ್ದರು. ಟೋಪಿ ಇಲ್ಲದಾಗ ಬರುವವರಿಗೆ ನಿಂತು ಗಿಡ ನೋಡುವ ವ್ಯವಧಾನವಿರುತ್ತಿರಲಿಲ್ಲ. ಹೂ ಅರಳಿದ್ದು ಈಗಷ್ಟೇ, ಅಲ್ಲಿಯವರೆಗೆ ಅದು ಸುತ್ತಲಿನ ಕುರುಚಲಿನಂತೆಯೇ ಕಾಣುತ್ತಿತ್ತು. ಗುಡ್ಡದ ಇಂಚಿಂಚನ್ನೂ ಮೊಣಕಾಲೂರಿ ಶೋಧಿಸಿದ ನೋರೀನ್, ದಿನವೂ ಅದಕ್ಕೇ ತನ್ನ ಟೋಪಿ ತಗುಲಿಸಿದ್ದಳು.

ಅವಳು ಅಳತೆಪಟ್ಟಿಯನ್ನೂ ಗುಲಾಬಿ ಬಣ್ಣದ ಗುರುತುಪಟ್ಟಿಯ ಸುರುಳಿಯನ್ನೂ ಹಿಡಿದು ಓಡಿದಳು. ಡಲ್ಸಿ ಸೌಟು ಹಿಡಿದೇ ಓಡಿದಳು. ಗಿಡದ ತುದಿಯಲ್ಲಿ ಗಣಿಯ ಮೇಲ್ವಿಚಾರಕ ಕ್ಲೆಮ್ ಹಾಸ್ಕಿಂಗ್‌ನ ದೊಡ್ಡ ಟೋಪಿ ಕೂತಿತ್ತು. ಅದರ ಅಂಚಿನ ಕೆಳಗೆ ಹೂಗೊಂಚಲುಗಳು ಇಣುಕುತ್ತಿದ್ದವು.

"ಯಾರದು? ಟೋಪಿ ಕಾಣಲ್ವಾ?" ಎಂದ ಕ್ಲೆಮ್ ಪರದೆಯೊಳಗಿಂದ.

"ಟೋಪಿ ನೋಡೋಕೇ ಬಂದಿದೀವಿ," ಎಂದಳು ಡಲ್ಸಿ. "ನೀವು ನಿಧಾನಕ್ಕೆ ಕೂತಿರಿ."

"ಏನ್ ಮಾಡ್ತಿದೀರಿ ಅಲ್ಲಿ?"

"ಅಳೀತಿದೀವಿ," ಎಂದಳು ನೋರೀನ್.

ಒಳಗಿಂದೊಂದು ಕೈ ಪರದೆಯನ್ನು ಬಿಗಿಯಾಗಿ ಎಳೆದುಕೊಂಡಿತು. "ಏನನ್ನ, ತಾಯೀ?"

ನೋರೀನ್ ನಗುತ್ತ ನೆಲಕ್ಕೇ ಕುಸಿದಳು. ನಗು ಅಳುವಾಯಿತು, ಮತ್ತೆ ನಗುವಾಯಿತು. ಕ್ಲೆಮ್ ಹೊರಬರುವಷ್ಟರಲ್ಲಿ ಗಿಡ, ದಾರಿ, ಪಾಯಿಖಾನೆ ಎಲ್ಲಕ್ಕೂ ಗುಲಾಬಿ ಪಟ್ಟಿ ಸುತ್ತಿಯಾಗಿತ್ತು. ಅವನು ಟೋಪಿಗೆ ಕೈ ಚಾಚಿದ.

"ಮುಟ್ಟಬೇಡಿ, ಹೂ ಉದುರುತ್ತೆ. ಫೋಟೋ ಆಗ್ಲಿ," ಎಂದಳು ನೋರೀನ್.

"ಬಿಸಿಲು ಕಣಮ್ಮಾ. ನನ್ನ ತಲೇಲಿ ಕೂದಲಾದ್ರೂ ಎಲ್ಲಿದೆ?"

"ಅದೂ ಅಪರೂಪದ್ದೇ," ಎಂದು ಡಲ್ಸಿ ಸೌಟನ್ನು ಅವನ ಬೋಳುತಲೆಗೆ ನೆರಳಾಗಿ ಹಿಡಿದಳು.

ಮಧ್ಯಾಹ್ನ ನೋರೀನ್ "ಇದೆ" ಎಂದು ಬರೆದು, ಗುರುವಿನ ಹೆಸರನ್ನೂ ಕೆಳಗೆ ಸೇರಿಸಿ, ಸಹಿ ಹಾಕಿದಳು. ಗುಡ್ಡದ ನೆತ್ತಿ ಉಳಿಯಿತು. ಪಾಯಿಖಾನೆ ಸ್ಥಳಾಂತರವಾಯಿತು, ಹೊಸದರ ಮುಂದೆ ಕ್ಲೆಮ್ ತಾನೇ ಒಂದು ಕಂಬ ನೆಟ್ಟು ಟೋಪಿಗೆಂದು ಮೊಳೆ ಹೊಡೆದ. ಅದು ಒಣಗಂಬವೇ ಎಂದು ನೋರೀನ್ ಮೊದಲು ಪರೀಕ್ಷಿಸಿದಳೆಂದು ಕೆಲವರು ಹೇಳುತ್ತಾರೆ. ಡಲ್ಸಿ ಅದನ್ನು ಒಪ್ಪಲಿಲ್ಲ.

ಕೊನೆಯ ಬಟ್ಟಲು ಒರೆಸಿ ಅವಳು ದೀಪವಾರಿಸಲು ಹೋದಳು. ಕೇಳುತ್ತಿದ್ದವರು ಎದ್ದು, ಗೋಡೆಯಿಂದ ತಂತಮ್ಮ ಟೋಪಿಗಳನ್ನು ತೆಗೆದುಕೊಂಡು, ಹೂವೇನಾದರೂ ಇದೆಯೇ ಎಂದು ಟೋಪಿಯೊಳಗೊಮ್ಮೆ ಇಣುಕಿ ನೋಡಿ, ಮನೆಗೆ ಹೋದರು.